ಮುಚ್ಚಳ ಎಲ್ಲಿ ಹೋಯ್ತು?

ಪಾತ್ರೆ ಕೊಳ್ಳುವಾಗ ನಮ್ಮ ಜನ ಬಹಳ ಹುಷಾರು. ತಳ ತಟ್ಟಿ ನೋಡುತ್ತಾರೆ, ಅಂಚು ಸವರಿ ನೋಡುತ್ತಾರೆ, ತೂಕ ಹಾಕಿಸುತ್ತಾರೆ. ಕಡೆಗೆ ಅಂಗಡಿಯವನ ಕೈಲಿ ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುತ್ತಾರೆ. ಗೃಹಪ್ರವೇಶಕ್ಕೆ ಕೊಡುವ ಪಾತ್ರೆಯಾದರೆ ತಾರೀಖೂ ಇರಬೇಕು. ಮುಚ್ಚಳದ ಮಾತು ಬರುವುದು ಬಿಲ್ ಹಾಕುವ ಹೊತ್ತಿಗೆ. "ಇದಕ್ಕೊಂದು ಮುಚ್ಚಳ ಕೊಟ್ಬಿಡಿ." ಅವನು ರಾಶಿಯಿಂದ ಒಂದನ್ನು ಎಳೆದು, ಪಾತ್ರೆಯ ಬಾಯಿಗಿಟ್ಟು, ಟಣ್ ಅನ್ನಿಸಿ ಕೊಡುತ್ತಾನೆ. ಅದರ ಮೇಲೆ ಯಾರೂ ಹೆಸರು ಕೊರೆಸುವುದಿಲ್ಲ. ಆಮೇಲೆ ಮನೆಯಲ್ಲಿ ಒಂದು ಸತ್ಯನಾರಾಯಣ ಪೂಜೆ ಆದರೆ ಸಾಕು. ಪಾತ್ರೆಗಳೆಲ್ಲ ಹೆಸರಿನ ಬಲದಿಂದ ವಾಪಸ್ ಬರುತ್ತವೆ, ಮುಚ್ಚಳಗಳು ಯಾರದೋ ಮನೆ ಸೇರಿರುತ್ತವೆ. ಅವರದ್ದು ನಮ್ಮ ಮನೆಯಲ್ಲಿ ಉಳಿದಿರುತ್ತದೆ, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ಅಳತೆ ಮಾತ್ರ ಸರಿಹೋಗುವುದಿಲ್ಲ.

ಅಡುಗೆಮನೆಗೆ ಏನೇನು ಬೇಕು ಅಂತ ಕೇಳಿದರೆ ಜನ ಒಳ್ಳೆ ಚಾಕು, ದಪ್ಪ ಕಾವಲಿ, ಮಿಕ್ಸಿ ಅನ್ನುತ್ತಾರೆ. ಈಗೀಗ ಏರ್ ಫ್ರೈಯರ್ ಅಂತಲೂ ಅನ್ನುತ್ತಾರೆ. ಮುಚ್ಚಳದ ಹೆಸರು ಹೇಳಿದವರನ್ನು ನಾನಂತೂ ಕಂಡಿಲ್ಲ. ಆದರೆ ಅಲ್ಲಿ ಅತಿ ಕಡಿಮೆ ದುಡ್ಡಿಗೆ ಅತಿ ಜಾಸ್ತಿ ದುಡಿಯುವ ಸಾಮಾನು ಅದೇ. ಬೆಳಗ್ಗೆ ಅವಸರದ ತಿಂಡಿಗಳನ್ನೇ ನೋಡಿ. ಅವಲಕ್ಕಿ ತೊಳೆದು, ನೀರು ಬಸಿದು ಮುಚ್ಚಿಟ್ಟರೆ ಈರುಳ್ಳಿ ಹೆಚ್ಚಿ ಒಗ್ಗರಣೆ ಹಾಕುವಷ್ಟರಲ್ಲಿ ಅದು ತಾನೇ ಅರಳಿರುತ್ತದೆ. ಉಪ್ಪಿಟ್ಟಿಗೆ ಕುದಿಯುವ ಎಸರಿಗೆ ಹುರಿದ ರವೆ ಸುರಿದು, ಗಂಟಿಲ್ಲದ ಹಾಗೆ ತಿರುವಿ, ಉರಿ ಸಣ್ಣ ಮಾಡಿ ಮುಚ್ಚಿದರೆ ಎರಡು ಮೂರು ನಿಮಿಷದ ಕೆಲಸ. ಮುಚ್ಚದಿದ್ದರೆ ಸೌಟು ಹಿಡಿದು ನಿಂತೇ ಇರಬೇಕು. ಅಷ್ಟಾದರೂ ರವೆ ಹಲ್ಲಿಗೆ ಸಿಗುತ್ತದೆ. ಸೆಟ್ ದೋಸೆ, ಅಕ್ಕಿ ರೊಟ್ಟಿ ಮುಚ್ಚಳ ಇಲ್ಲದಿದ್ದರೆ ಮೆತ್ತಗಾಗುವುದೇ ಇಲ್ಲ. ನೀರುದೋಸೆಯನ್ನಂತೂ ಮಗುಚುವ ಪದ್ಧತಿಯೇ ಇಲ್ಲ. ಕೆಳಗಿಂದ ಕಾವಲಿ ಬೇಯಿಸುತ್ತದೆ, ಮೇಲಿಂದ ಹಬೆ ಬೇಯಿಸುತ್ತದೆ. ಮುದ್ದೆಗೆ ಎಸರಿನ ಮೇಲೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ಕೋಲಿನಿಂದ ತೂತು ಮಾಡಿ, ಮುಚ್ಚಿ ಬಿಡುತ್ತಾರಲ್ಲ, ಹಿಟ್ಟಿನ ಹಸಿ ವಾಸನೆ ಹೋಗುವುದು ಆವಾಗಲೇ. ಆಮೇಲೆ ಎಷ್ಟು ಜೋರಾಗಿ ತೊಳಸಿದರೂ ಆ ಕೆಲಸ ಆಗುವುದಿಲ್ಲ.

ನಮ್ಮಮ್ಮ ಪಲ್ಯದ ಬಾಣಲೆಯ ಮೇಲೆ ಅಂಚಿರುವ ತಟ್ಟೆ ಮುಚ್ಚಿ, ಆ ತಟ್ಟೆಗೆ ಒಂದು ಲೋಟ ನೀರು ಹುಯ್ಯುತ್ತಿದ್ದಳು. ಚಿಕ್ಕವರಿದ್ದಾಗ ಇದು ಏನೋ ಶಾಸ್ತ್ರ ಇರಬೇಕು ಅಂದುಕೊಂಡಿದ್ದೆವು. ನಿಜವಾಗಿ ನಡೆಯುವುದು ಇಷ್ಟು. ತರಕಾರಿಯಿಂದ ಎದ್ದ ಹಬೆ ತಣ್ಣನೆ ತಟ್ಟೆಯ ಹೊಟ್ಟೆಗೆ ತಾಗಿ, ಹನಿಯಾಗಿ, ತಿರುಗಿ ಪಲ್ಯಕ್ಕೇ ಬೀಳುತ್ತದೆ. ಹಾಗಾಗಿ ಗೋರಿಕಾಯಿ, ಬೀಟ್‌ರೂಟು ಕೈಯಗಲ ನೀರಿನಲ್ಲಿ ಬೇಯುತ್ತವೆ, ರುಚಿ ನೀರಿನ ಜೊತೆ ಬಸಿದುಹೋಗುವುದಿಲ್ಲ. ಅಷ್ಟರಲ್ಲಿ ತಟ್ಟೆಯಲ್ಲಿರುವ ನೀರೂ ಬಿಸಿಯಾಗಿರುತ್ತದೆ. ತಳ ಹಿಡಿಯುವ ಹಾಗಿದ್ದರೆ ಅದನ್ನೇ ಸ್ವಲ್ಪ ಚಿಮುಕಿಸಬಹುದು. ತಣ್ಣೀರು ಹಾಕಿದರೆ ಕುದಿ ನಿಂತು ಮತ್ತೆ ಮೊದಲಿಂದ ಕಾಯಬೇಕು. ಇದಕ್ಕೆ ನಡುವೆ ಗುಬ್ಬಿ ಇರುವ ಚಂದದ ಮುಚ್ಚಳ ಬೇಡ. ಊಟದ ತಟ್ಟೆಯೇ ಸಾಕು, ಪಕ್ಕದಲ್ಲಿ ಇಕ್ಕಳ ಇದ್ದರೆ ಆಯ್ತು.

ಇನ್ನು ಬೇಕಿಂಗ್ ವಿಷಯ. ನಮ್ಮ ಮನೆಗಳಿಗೆ ಓವನ್ ಬಂದದ್ದು ಮೊನ್ನೆ ಮೊನ್ನೆ. ಕೇಕು, ಖಾರಾ ಬನ್ನು, ಬೆಣ್ಣೆ ಬಿಸ್ಕತ್ತು ಬೇಕಾದರೆ ಬೀದಿ ಕೊನೆಯಲ್ಲಿ ಹಾಸನದ ಕಡೆಯವರ ಅಯ್ಯಂಗಾರ್ ಬೇಕರಿ ಇರುತ್ತಿತ್ತು. ಮನೆಯಲ್ಲಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಹಾಗಂತ ಓವನ್ ಇಲ್ಲದೆ ಬೇಕ್ ಮಾಡುವುದು ನಮ್ಮವರಿಗೆ ಗೊತ್ತಿರಲಿಲ್ಲ ಅಂತಲ್ಲ. ಕರಾವಳಿಯ ಕೊಂಕಣಿ ಮನೆಗಳಲ್ಲಿ ತವಸಳಿ ಮಾಡುತ್ತಾರೆ. ಸೌತೆಕಾಯಿ ತುರಿ, ಬೆಲ್ಲ, ರವೆ, ಕಾಯಿತುರಿ ಕಲಸಿ ಪಾತ್ರೆಗೆ ಹಾಕಿ, ಕೆಳಗೆ ಸಣ್ಣ ಕೆಂಡ, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ದಮ್ ಬಿರಿಯಾನಿಯವರು ಮುಚ್ಚಳದ ಸುತ್ತ ಕಲಸಿದ ಹಿಟ್ಟು ಮೆತ್ತಿ ಅದೇ ಕೆಲಸ ಮಾಡುತ್ತಾರೆ. ಓವನ್ ಅಂದರೆ ಮತ್ತೇನು? ಎಲ್ಲ ಕಡೆಯಿಂದ ಬಿಸಿ ಬರಬೇಕು, ಬಂದದ್ದು ಹೊರಗೆ ಹೋಗಬಾರದು. ಕೆಂಡ ಹೊತ್ತ ಮುಚ್ಚಳವೇ ನಮ್ಮ ಓವನ್ ಆಗಿತ್ತು.

ಗ್ಯಾಸ್ ಒಲೆಯ ಕಾಲದಲ್ಲಿ ಮುಚ್ಚಳದ ಮೇಲೆ ಕೆಂಡ ಎಲ್ಲಿಂದ ತರುವುದು? ಅದಕ್ಕೇ ಕುಕ್ಕರ್ ಕೇಕ್ ಹುಟ್ಟಿಕೊಂಡಿತು. ಇದರಲ್ಲಿ ಒಂದು ತಮಾಷೆ ಇದೆ. ನೀರು ಹಾಕಿ, ವೆಯ್ಟ್ ಇಟ್ಟು, ಎಷ್ಟು ಸೀಟಿ ಕೂಗಿಸಿದರೂ ಕುಕ್ಕರಿನೊಳಗೆ ಶಾಖ ಸುಮಾರು 120 ಡಿಗ್ರಿ ದಾಟುವುದಿಲ್ಲ. ಬೇಳೆಗೆ ಅದು ಧಾರಾಳ. ಕೇಕ್ ಕೆಂಪಗಾಗಲು ಏನೇನೂ ಸಾಲದು, ಹೆಚ್ಚೆಂದರೆ ಇಡ್ಲಿಯಾದೀತು. ಓವನ್‌ನಲ್ಲಿ ಕೇಕಿಗೆ ಇಡುವುದು 180 ಡಿಗ್ರಿ. ಆದ್ದರಿಂದ ಕುಕ್ಕರನ್ನು ಕುಕ್ಕರ್ ಮಾಡುವ ಮೂರನ್ನೂ ತೆಗೆದುಬಿಡಬೇಕು. ನೀರು ಬೇಡ, ಗ್ಯಾಸ್ಕೆಟ್ ಬೇಡ, ವೆಯ್ಟ್ ಬೇಡ. ತಳಕ್ಕೆ ಕಲ್ಲುಪ್ಪೋ ಮರಳೋ ಒಂದು ಬೆರಳು ದಪ್ಪ ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಬೇಕು. ಆಮೇಲೆ ಕೇಕಿನ ಡಬ್ಬಿ ಇಟ್ಟು, ಮತ್ತೆ ಮುಚ್ಚಿ, ಸಣ್ಣ ಉರಿಯಲ್ಲಿ ನಲವತ್ತು ನಲವತ್ತೈದು ನಿಮಿಷ ಬಿಡಬೇಕು. ಹೊಸ ಕುಕ್ಕರ್ ಈ ಸಾಹಸಕ್ಕೆ ಬೇಡ. ಖಾಲಿ ಕಾಯಿಸಿ ಕಾಯಿಸಿ ತಳ ಸೊಟ್ಟಗಾದರೆ ಅದು ಕೇಕಿಗೇ ಮೀಸಲು. ಅಟ್ಟದ ಮೇಲೆ ಹಳೇ ಅಲ್ಯುಮಿನಿಯಂ ಕುಕ್ಕರ್ ಇದ್ದೇ ಇರುತ್ತದೆ, ಅದನ್ನು ಇಳಿಸಿ. ಕಾಯಿಸಿದ ಉಪ್ಪನ್ನು ಸಾರಿಗೆ ಹಾಕಬೇಡಿ, ಒಂದು ಡಬ್ಬಿಯಲ್ಲಿಟ್ಟರೆ ಮುಂದಿನ ಕೇಕಿಗೂ ಅದೇ ಆಗುತ್ತದೆ.

ಈ ನಲವತ್ತು ನಿಮಿಷವೇ ಕಷ್ಟದ ಭಾಗ. ಮುಚ್ಚಳ ತೆಗೆಯಬಾರದು. ಮೊಸರು ಹಾಕಿದ ಹಿಟ್ಟಿಗೆ ಸೋಡ ಸೇರಿದ ಕ್ಷಣದಿಂದಲೇ ಗುಳ್ಳೆ ಏಳುತ್ತದೆ. ಅದಕ್ಕೇ ಕಲಸಿದ ಹಿಟ್ಟನ್ನು ಇಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತ ನಿಲ್ಲಬಾರದು, ಕುಕ್ಕರ್ ಮೊದಲೇ ಕಾದಿರಬೇಕು. ಬಿಸಿಗೆ ಆ ಗುಳ್ಳೆಗಳು ಉಬ್ಬುತ್ತವೆ, ಸುತ್ತಲಿನ ಹಿಟ್ಟು ಬೆಂದು ಗಟ್ಟಿಯಾಗಿ ಅವನ್ನು ಹಿಡಿದುಕೊಳ್ಳುತ್ತದೆ. ಗಟ್ಟಿಯಾಗುವ ಮೊದಲೇ ಮುಚ್ಚಳ ತೆಗೆದರೆ ತಣ್ಣನೆ ಗಾಳಿ ನುಗ್ಗಿ ನಡುವೆ ಕುಸಿಯುತ್ತದೆ. ಮೊದಲ ಅರ್ಧ ಗಂಟೆ ಯಾರು ಏನೇ ಹೇಳಲಿ, ಮುಟ್ಟಬಾರದು. ಹೇಳುವವರು ಮನೆ ತುಂಬ ಇರುತ್ತಾರೆ. ಮಕ್ಕಳು "ಅಮ್ಮಾ, ಒಂದೇ ಒಂದು ಸಲ" ಅನ್ನುತ್ತವೆ. ಅತ್ತೆ, "ಸೀದ ವಾಸನೆ ಬರ್ತಿದೆಯೇನೋ ನೋಡಮ್ಮ" ಅನ್ನುತ್ತಾರೆ. ವಾಸನೆ ಬರುವುದು ಒಳ್ಳೆಯದೇ. ವೆಯ್ಟ್ ತೆಗೆದ ತೂತಿನಿಂದ ವೆನಿಲ್ಲಾ ಘಮ ಬರತೊಡಗಿತು ಅಂದರೆ ಕೇಕು ಮುಕ್ಕಾಲು ದಾರಿ ಬಂದಿದೆ ಅಂತ ಅರ್ಥ. ಆಮೇಲೆ ಕಡ್ಡಿ ಚುಚ್ಚಿ ನೋಡಿ. ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಇಳಿಸಿ.

ಕುಕ್ಕರ್ ಕೇಕಿನ ಮೇಲ್ಭಾಗ ಓವನ್ ಕೇಕಿನಷ್ಟು ಕೆಂಪಗಾಗುವುದಿಲ್ಲ. ಬಿಸಿ ಬರುವುದು ಹೆಚ್ಚಾಗಿ ಕೆಳಗಿಂದ ತಾನೇ? ಅದಕ್ಕೆ ಉಪಾಯ ಸುಲಭ. ಕೇಕನ್ನು ತಟ್ಟೆಗೆ ಮಗುಚಿ, ಕೆಂಪಗಾದ ತಳವನ್ನೇ ಮೇಲೆ ಮಾಡಿ ಕೊಡಿ. ಯಾರೂ ಕೇಳುವುದಿಲ್ಲ. ಕುಕ್ಕರ್ ಬದಲು ದಪ್ಪ ಬಾಣಲೆಯಲ್ಲಿ ಮಾಡುವವರು ಇನ್ನೊಂದು ನೋಡಿಕೊಳ್ಳಬೇಕು. ಅಲ್ಲಿ ಹಬೆ ಹೋಗಲು ತೂತಿಲ್ಲ. ಮುಚ್ಚಳದಲ್ಲಿ ನಿಂತ ನೀರು ಕೇಕಿನ ಮೇಲೆ ತೊಟ್ಟಿಕ್ಕಿ ಮೇಲ್ಮೈಯೆಲ್ಲ ಅಂಟಂಟು ಮಾಡುತ್ತದೆ. ಪಲ್ಯಕ್ಕೆ ಅಮೃತವಾದ ಹನಿ ಕೇಕಿಗೆ ಶತ್ರು. ಮುಚ್ಚಳಕ್ಕೆ ಒಂದು ತೆಳು ಬಟ್ಟೆ ಸುತ್ತಿ, ತುದಿಗಳನ್ನು ಮೇಲೆ ಗುಬ್ಬಿಗೆ ಗಂಟು ಹಾಕಿದರೆ ಬಟ್ಟೆಯೇ ನೀರು ಕುಡಿದುಕೊಳ್ಳುತ್ತದೆ. ತುದಿ ಕೆಳಗೆ ಇಳಿಬಿದ್ದು ಉರಿಗೆ ತಾಗದಂತೆ ಮಾತ್ರ ಎಚ್ಚರ.

ಕುಕ್ಕರ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಅದು ಮೂಲದಲ್ಲಿ ಮುಚ್ಚಳದ ಆವಿಷ್ಕಾರವೇ. ಪಾತ್ರೆ ಎಲ್ಲರ ಹತ್ತಿರವೂ ಇತ್ತು. 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಮಾಡಿ ತೋರಿಸಿದ್ದು ಹಬೆ ಸೋರದಂತೆ ಬಿಗಿದ ಮುಚ್ಚಳವನ್ನು. ಮೂಳೆಗಳು ಅದರಲ್ಲಿ ಚೀಸಿನಷ್ಟು ಮೆತ್ತಗಾಗಿದ್ದವು ಅಂತ ಊಟ ಮಾಡಿದವರೊಬ್ಬರು ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಒತ್ತಡಕ್ಕೆ ಪಾತ್ರೆ ಸಿಡಿಯಬಾರದು ಅಂತ ಸೇಫ್ಟಿ ವಾಲ್ವ್ ಇಟ್ಟವನೂ ಅವನೇ. ನಮ್ಮ ದೇಶದಲ್ಲಿ ಹಾಕಿನ್ಸ್ ಕಂಪನಿ ಶುರುವಾಗಿದ್ದು 1959ರಲ್ಲಿ. ಅದರ ಮುಚ್ಚಳ ಒಳಗಡೆಯಿಂದ ಕೂರುತ್ತದೆ. ಹಬೆ ಒತ್ತಿದಷ್ಟೂ ಬಿಗಿಯಾಗುತ್ತದೆ, ಒತ್ತಡ ಇಳಿಯುವ ತನಕ ತೆಗೆಯೋಣ ಅಂದರೂ ಬರುವುದಿಲ್ಲ. ಅವಸರದವರಿಗೆಂದೇ ಯೋಚಿಸಿ ಮಾಡಿದ ಹಾಗಿದೆ. ಬೆಂಗಳೂರಿನವರಿಗೆ ಕುಕ್ಕರ್ ಇನ್ನೂ ಒಂದು ಕೈ ಜಾಸ್ತಿ ಬೇಕು. ಸಮುದ್ರ ಮಟ್ಟದಿಂದ ಒಂಬೈನೂರು ಮೀಟರ್ ಮೇಲಿರುವ ಊರಿದು, ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಇಟ್ಟ ತೊಗರಿಬೇಳೆ ಮಂಗಳೂರಿಗಿಂತ ಇಲ್ಲಿ ತಡವಾಗಿ ಬೇಯುತ್ತದೆ. ಅದಕ್ಕೆ ಬೇಳೆಯನ್ನೋ ಅಂಗಡಿಯವನನ್ನೋ ಬೈದು ಪ್ರಯೋಜನವಿಲ್ಲ.

ಗಾಜಿನ ಮುಚ್ಚಳದ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ಒಳಗೆ ಏನಾಗುತ್ತಿದೆ ಅಂತ ನೋಡಬಹುದು ಅನ್ನುವುದೇ ಅದರ ಹೆಚ್ಚುಗಾರಿಕೆ. ಒಳಗೆ ಕುದಿ ಬಂದ ಕೂಡಲೇ ಅದು ಮಂಜು ಹಿಡಿದು ಏನೂ ಕಾಣುವುದಿಲ್ಲ. ಕೆಲವು ತಿಂಗಳಲ್ಲಿ ಗುಬ್ಬಿಯ ಸ್ಕ್ರೂ ಸಡಿಲವಾಗಿ, ಎತ್ತಿದರೆ ಗುಬ್ಬಿ ಕೈಗೆ ಬರುತ್ತದೆ, ಮುಚ್ಚಳ ಅಲ್ಲೇ ಇರುತ್ತದೆ. ಮಿಕ್ಸಿ ಜಾರಿನ ಮುಚ್ಚಳದ್ದು ಬೇರೆ ಕಥೆ. ಬಿಸಿ ಬೇಳೆಯನ್ನೋ ಬೆಂದ ಟೊಮೇಟೊವನ್ನೋ ಹಾಗೇ ಹಾಕಿ ತಿರುಗಿಸಿದರೆ ಒಳಗಿನ ಹಬೆ ಒಂದೇ ಸಲಕ್ಕೆ ಹಿಗ್ಗಿ ಮುಚ್ಚಳ ಹಾರುತ್ತದೆ, ಗೋಡೆಯೆಲ್ಲ ರಂಗೋಲಿ. ಆರಿಸಿಕೊಂಡು ರುಬ್ಬುವುದು ಒಳ್ಳೆಯದು. ಅಷ್ಟು ಪುರುಸೊತ್ತಿಲ್ಲದಿದ್ದರೆ ಜಾರಿಗೆ ಅರ್ಧ ಮಾತ್ರ ತುಂಬಿ, ನಡುವಿನ ಸಣ್ಣ ಬಿರಡೆ ತೆಗೆದು, ಮೇಲೆ ಮಡಿಸಿದ ಬಟ್ಟೆ ಹಿಡಿದು ನಿಧಾನಕ್ಕೆ ಶುರು ಮಾಡಿ.

ಒಲೆಯಿಂದ ಇಳಿದ ಮೇಲೂ ಮುಚ್ಚಳಕ್ಕೆ ರಜೆ ಇಲ್ಲ. ಬಿಸ್ಕತ್ತು ಕತ್ತರಿಸಲು ಅಂಗಡಿಯಲ್ಲಿ ಹೃದಯದಾಕಾರ, ನಕ್ಷತ್ರದಾಕಾರ ಎಲ್ಲ ಸಿಗುತ್ತದೆ. ನಕ್ಷತ್ರದ ಚೂಪು ತುದಿಗಳು ಮೊದಲು ಸೀಯುತ್ತವೆ, ನಡು ಹಸಿ ಉಳಿಯುತ್ತದೆ. ದುಂಡಗೆ ಕತ್ತರಿಸಿದರೆ ಒಂದೇ ಸಮ ಬೇಯುತ್ತದೆ. ಅದಕ್ಕೆ ಸಣ್ಣ ಸ್ಟೀಲ್ ಡಬ್ಬಿಯ ಮುಚ್ಚಳವೇ ಸರಿ. ಅಂಚನ್ನು ಒಣ ಹಿಟ್ಟಿಗೆ ಅದ್ದಿ ಒತ್ತಿದರೆ ಅಂಟುವುದಿಲ್ಲ. ಹಬ್ಬದ ದಿನ ದೊಡ್ಡ ಚಪಾತಿ ಲಟ್ಟಿಸಿ ಅದೇ ಮುಚ್ಚಳದಲ್ಲಿ ಒತ್ತಿದರೆ ಒಂದೇ ಸಲಕ್ಕೆ ಆರೇಳು ಪೂರಿ. ಸಾಸಿವೆ ಸಿಡಿಯುವಾಗ ಎಡಗೈಯಲ್ಲಿ ಹಿಡಿಯುವ ಗುರಾಣಿಯೂ ಇದೇ. ಸಾರಿಗೆ ಇಂಗಿನ ಒಗ್ಗರಣೆ ಸುರಿದ ಮರುಗಳಿಗೆ ಮುಚ್ಚಬೇಕು. ಇಲ್ಲದಿದ್ದರೆ ಘಮವೆಲ್ಲ ಪಕ್ಕದ ಮನೆಗೆ, ನಮಗೆ ಬರೀ ಸಾರು. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ ಅಂತ ಗಾದೆ ಇದೆಯಲ್ಲ. ಗಡಿಗೆ ಬಾಯನ್ನು ಸರಿಯಾದ ಹೊತ್ತಿಗೆ ಮುಚ್ಚುವುದೂ ಅಷ್ಟು ಸುಲಭವಲ್ಲ.

ಮುಚ್ಚಬಾರದ ಹೊತ್ತೂ ಇದೆ, ನಮ್ಮ ಮನೆಯಲ್ಲಿ ಜಗಳ ಹತ್ತುವುದೇ ಅಲ್ಲಿ. ಸೊಪ್ಪು, ಹುರುಳಿಕಾಯಿ ಬೇಯಿಸುವಾಗ ಅವುಗಳೊಳಗಿನ ಹುಳಿ ಅಂಶ ಹಬೆಯ ಜೊತೆ ಹೊರಗೆ ಹೋಗಬೇಕು. ಮುಚ್ಚಿದರೆ ಅದು ಒಳಗೇ ಉಳಿದು ಹಸಿರು ಬಣ್ಣವನ್ನು ಕೆಡಿಸುತ್ತದೆ, ಪಲ್ಯ ಮಂಕಾಗಿ ಕಾಣುತ್ತದೆ. ಬೆಂಡೆಕಾಯಿಗೆ ಮುಚ್ಚಳ ಹಾಕಿದರಂತೂ ಹಬೆಗೆ ಲೋಳೆ ಬಿಟ್ಟು ಎಳೆ ಎಳೆಯಾಗುತ್ತದೆ. ಅದನ್ನು ಅಗಲ ಬಾಣಲೆಯಲ್ಲಿ ಹರಡಿ, ಉಪ್ಪನ್ನು ಕಡೆಗೆ ಹಾಕಿ, ತೆರೆದೇ ಹುರಿಯಬೇಕು. ನಮ್ಮ ಯಜಮಾನರಿಗೆ ತೆರೆದ ಪಾತ್ರೆ ಕಂಡರೆ ಆಗುವುದಿಲ್ಲ. ನೀರು ಕುಡಿಯಲು ಬಂದವರು ದಾರಿಯಲ್ಲಿ ಕಂಡದ್ದನ್ನೆಲ್ಲ ಮುಚ್ಚಿಕೊಂಡು ಹೋಗುತ್ತಾರೆ.

"ರೀ, ಬೆಂಡೆಕಾಯಿ ಯಾಕ್ರೀ ಮುಚ್ಚಿದ್ರಿ?"

"ಹಲ್ಲಿ ಗಿಲ್ಲಿ ಬಿದ್ರೆ?"

"ಉರಿಯೋ ಒಲೆ ಮೇಲಿರೋ ಬಾಣಲೆಗೆ ಹಲ್ಲಿ ಯಾಕೆ ಬರುತ್ತೆ?"

"ಬಂದ್ರೆ ಏನ್ಮಾಡ್ತೀಯ?" ಅಂದರು. ಒಳಗಿನ ಕೋಣೆಯಿಂದ ಅತ್ತೆಯೂ, "ಅವನು ಹೇಳೋದರಲ್ಲಿ ತಪ್ಪೇನಿದೆ?" ಅಂದರು. ಈಗ ಬೆಂಡೆಕಾಯಿ ದಿನ ಅಗಲ ಬಾಣಲೆಗೆ ಸರಿಹೋಗುವ ಆ ಒಂದು ಮುಚ್ಚಳವನ್ನು ನಾನು ಮೊದಲೇ ಫ್ರಿಜ್ಜಿನ ಹಿಂದೆ ಸಿಗಿಸಿಡುತ್ತೇನೆ. ಅವರು ಕಪಾಟಿನಲ್ಲಿ ಹುಡುಕುತ್ತಿರುತ್ತಾರೆ.