ಕಾಫಿಗೆ ಔಟ್‌ಟರ್ನ್, ಷೇರಿಗೆ ಹೆಸರು

ಮೊನ್ನೆ ಕೊಡಗಿನ ಸುಂಟಿಕೊಪ್ಪದಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಕಾಫಿ ಮಾರಿದ ದುಡ್ಡು ಕೈಯಲ್ಲಿದೆಯಂತೆ. ‘ಸನ್ ಫಾರ್ಮಾ ತಗೊಳ್ಳಲಾ ಮಗಾ? ದೇಶಕ್ಕೇ ದೊಡ್ಡ ಔಷಧಿ ಕಂಪನಿ. ಜನಕ್ಕೆ ಕಾಯಿಲೆ ಬರೋದು ನಿಲ್ಲುತ್ತಾ?’ ಅಂದರು. ಹೌದಲ್ವಾ ಅನ್ನಿಸಿತು ನನಗೂ.

ಇಲ್ಲಿ ಅಹಮದಾಬಾದಿನ ಎದುರುಮನೆ ಮಾಸಿಗೆ ಇದನ್ನೇ ಹೇಳಿದೆ. ಎಪ್ಪತ್ತು ದಾಟಿದವರು. ಮೆಂತ್ಯ ಸೊಪ್ಪು ಬಿಡಿಸುತ್ತಾ, ತಲೆಯನ್ನೂ ಎತ್ತದೆ ಕೇಳಿದರು: ‘ಕಾಯಿಲೆ ಇರಲಿ ಬೇಟಾ, ಕಂಪನಿ ಲಾಭದ ಎಷ್ಟು ಪಟ್ಟು ದುಡ್ಡು ಕೊಡ್ತಿದ್ದೀರಿ?’ ತಡವರಿಸಿದೆ. ಇಂಜಿನಿಯರ್ ಬೇರೆ ನಾನು! ಚುರುಕ್ ಅಂತು.

ಆಮೇಲೆ ಅವರೇ ಹೇಳಿದರು. 2015ರ ಮಾರ್ಚಿನಲ್ಲಿ ಇನ್ನೊಂದು ದೊಡ್ಡ ಔಷಧಿ ಕಂಪನಿ ರ‍್ಯಾನ್‌ಬ್ಯಾಕ್ಸಿ ಸನ್ ಫಾರ್ಮಾಗೆ ಸೇರಿತು. ಏಪ್ರಿಲ್‌ನಲ್ಲಿ ಷೇರು 1,200 ರೂಪಾಯಿ ಹತ್ತಿರ. ಎಲ್ಲರೂ ಮುಗಿಬಿದ್ದರು. ಅದೇ ಡಿಸೆಂಬರ್‌ನಲ್ಲಿ ಗುಜರಾತಿನ ಹಾಲೋಲ್‌ನಲ್ಲಿರುವ ಸನ್ ಫಾರ್ಮಾ ಕಾರ್ಖಾನೆಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯಿಂದ ಎಚ್ಚರಿಕೆ ಪತ್ರ ಬಂತು. ಅಲ್ಲಿಂದ ಹೋಗಬೇಕಾದ ಹೊಸ ಔಷಧಿಗಳ ಒಪ್ಪಿಗೆ ನಿಂತಿತು. ಅಮೆರಿಕದಲ್ಲಿ ಜೆನೆರಿಕ್ ಮಾತ್ರೆಗಳ (ಪೇಟೆಂಟ್ ಮುಗಿದ ಔಷಧಿಗಳ ನಕಲು) ಬೆಲೆಯೂ ಬಿತ್ತು. 2020ರ ಮಾರ್ಚಿನಲ್ಲಿ ಷೇರು 400ಕ್ಕಿಂತ ಕೆಳಗೆ. ಆ ಐದು ವರ್ಷವೂ ಜನಕ್ಕೆ ಕಾಯಿಲೆ ಬರುತ್ತಲೇ ಇತ್ತು.

ಇನ್ನು ಕಾಯಿಲೆ ನಿಲ್ಲುವುದೇ ಇಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಅಮೆರಿಕದ ಔಷಧಿ ಕಂಪನಿ ಫೈಜರ್ ಕೋವಿಡ್ ಲಸಿಕೆ, ಮಾತ್ರೆಗಳ ಜೋರಿನಲ್ಲಿ 2022ರಲ್ಲಿ 100 ಬಿಲಿಯನ್ ಡಾಲರ್ ವಹಿವಾಟು ಮಾಡಿತು. ಕೋವಿಡ್ ಇಳಿಯಿತು ನೋಡಿ, ಮರುವರ್ಷ 58ರ ಆಸುಪಾಸು.

ನನಗೆ ಸಿಟ್ಟು ಬಂದಿದ್ದು ನಮ್ಮೂರಿನ ಮೇಲೆ. ಕಾಫಿ ವಿಷಯದಲ್ಲಿ ನಾವೆಷ್ಟು ಚುರುಕು! ಕಣದಲ್ಲಿ ಒಂದು ಹಿಡಿ ಚೆರ್ರಿ (ಸಿಪ್ಪೆ ಸಮೇತದ ಕಾಫಿ ಹಣ್ಣು) ತೆಗೆದು ಗಲಗಲ ಅಲ್ಲಾಡಿಸಿ ಕೇಳುತ್ತೇವೆ, ಒಣಗಿತಾ ಅಂತ. ವ್ಯಾಪಾರಿ ಸ್ಯಾಂಪಲ್ ಬಡಿದು ತೂಗುವಾಗ ಪಕ್ಕದಲ್ಲೇ ನಿಲ್ಲುತ್ತೇವೆ. ಔಟ್‌ಟರ್ನ್ (ಒಂದು ಮೂಟೆ ಚೆರ್ರಿಗೆ ಸಿಗುವ ಬೀಜದ ತೂಕ) ಅರ್ಧ ಕೆಜಿ ಕಮ್ಮಿ ಹೇಳಿದರೆ ಮೂಟೆ ವಾಪಸ್ ಜೀಪಿಗೆ. ಚೀಲದ ಮೇಲೆ ಯಾವ ತೋಟದ ಹೆಸರಿದ್ದರೇನು, ಒಳಗೆ ಬೀಜ ಎಷ್ಟು ಅನ್ನೋದೇ ಲೆಕ್ಕ. ಅದೇ ಕೈ ಷೇರಿಗೆ ಬಂದರೆ ‘ದೊಡ್ಡ ಕಂಪನಿ’ ಅನ್ನೋ ಚೀಲ ನೋಡಿ ದುಡ್ಡು ಸುರಿಯುತ್ತದೆ. ಮಾಸಿ ಕೇಳಿದ್ದೂ ಔಟ್‌ಟರ್ನೇ ಅಲ್ವಾ? ನೂರು ರೂಪಾಯಿ ಹಾಕಿದರೆ ಒಳಗೆ ಲಾಭ ಎಷ್ಟಿದೆ, ಅಷ್ಟೇ. ಇಲ್ಲಿ ಚಹಾ ಗಾಡಿ ಮುಂದೆ ಜನ ಮಾತಾಡೋದೇ ಇದನ್ನು. ನಮ್ಮಲ್ಲಿ ಮದುವೆ ಮನೆಯಲ್ಲಿ ಯಾರೋ ‘ಒಳ್ಳೇ ಷೇರು’ ಅಂದರೆ ಸಾಕು.

ಇದನ್ನೆಲ್ಲ ಚಿಕ್ಕಪ್ಪನಿಗೆ ಫೋನಿನಲ್ಲಿ ಸ್ವಲ್ಪ ಜೋರಾಗೇ ಹೇಳಿದೆ. ಅಮೆರಿಕದಲ್ಲಿ ಎಷ್ಟು ಮಾರುತ್ತಾರೆ, ಯಾವ ಪೇಟೆಂಟ್ ಯಾವಾಗ ಮುಗಿಯುತ್ತೆ, ಎಫ್‌ಡಿಎ ಏನಂದಿದೆ ನೋಡದೆ ಮುಟ್ಟಬೇಡಿ ಅಂದೆ.

ಸುಮ್ನೆ ಕೇಳಿಸಿಕೊಂಡರು. ‘ಆ 1,200 ಮತ್ತೆ ಯಾವಾಗ ಬಂತು?’

2023ರ ಕೊನೆಗೆ. ಎಂಟು ವರ್ಷಕ್ಕೂ ಜಾಸ್ತಿ. ಒಪ್ಪಿಕೊಳ್ಳಬೇಕು, ಆಮೇಲೆ ಅದನ್ನು ದಾಟಿಯೂ ಹೋಯಿತು. ಬೇಸತ್ತು 400ಕ್ಕೆ ಮಾರಿ ಕೂತ ಗುಜರಾತಿಗಳು ನಮ್ಮ ಬಿಲ್ಡಿಂಗಿನಲ್ಲೇ ಇಬ್ಬರಿದ್ದಾರೆ. ಚಿಕ್ಕಪ್ಪನೋ, ದರ ಇಲ್ಲ ಅಂತ ರೊಬಸ್ಟಾ ಕಾಫಿ ಮೂಟೆಗಳನ್ನು ಗೋಡೌನಿನಲ್ಲೇ ಇಟ್ಟುಕೊಂಡು 2024ರ ಏರಿಕೆ ಕಂಡವರು.

‘ಗಿಡ ನೆಟ್ಟು ವರ್ಷಗಟ್ಟಲೆ ಕಾಯೋದು ನಮಗೇನು ಹೊಸದಾ ಮಗಾ?’ ಅಂದರು. ‘ಆ ಮಾಸಿ ನಂಬರ್ ಕೊಡು.’