ಹನ್ನೊಂದು ನೋಟ್‌ಬುಕ್‌ಗಳಲ್ಲಿ ಕಾಣೆಯಾದ 25 ರೂಪಾಯಿ

ಕಳೆದ ವಾರ ತಿದ್ದಲು ಮನೆಗೆ ತಂದ 38 ನೋಟ್‌ಬುಕ್‌ಗಳ ಪೈಕಿ 11ರಲ್ಲಿ ‘ಆದ್ದರಿಂದ’ ಎಂಬ ಪದಕ್ಕೆ ಸೊನ್ನೆಯೇ ಇರಲಿಲ್ಲ. ‘ಆದ್ದರಿದ’ ಎಂದಿತ್ತು. ಒಬ್ಬ ಹುಡುಗ ಸೊನ್ನೆ ಮರೆತರೆ ಸುಮ್ಮನೆ ತಿದ್ದಿ ಮುಂದಕ್ಕೆ ಹೋಗುತ್ತೇನೆ. ಬೇರೆ ಬೇರೆ ಹಳ್ಳಿಗಳಿಂದ ಬರುವ ಹನ್ನೊಂದು ಮಕ್ಕಳು ಒಂದೇ ಸಾಲಿನಲ್ಲಿ ಒಂದೇ ಸೊನ್ನೆಯನ್ನು ಮರೆತರೆ? ಕೊನೆಯ ನೋಟ್‌ಬುಕ್ಕಿನಲ್ಲಿ ಗುಟ್ಟು ರಟ್ಟಾಯಿತು. ಲೆಕ್ಕ ಮುಗಿದ ಮೇಲೆ ಆ ಪುಣ್ಯಾತ್ಮ ದುಂಡಗಿನ ಅಕ್ಷರಗಳಲ್ಲಿ ‘ಉತ್ತರ ಇಷ್ಟವಾದರೆ ಲೈಕ್ ಮಾಡಿ’ ಎಂದು ಬರೆದು, ಅದರ ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದಿದ್ದ.

ಹೆಂಡತಿಯನ್ನು ಕರೆದು ತೋರಿಸಿದೆ. ಇಬ್ಬರೂ ನಕ್ಕೆವು. ಆಮೇಲೆ ಉತ್ತರ ನೋಡಿದೆ, ಅದೂ ತಪ್ಪು.

ಲೆಕ್ಕ ಇಷ್ಟೇ. 10,000 ರೂಪಾಯಿ ಅಸಲು, ವರ್ಷಕ್ಕೆ ಶೇಕಡ 10 ಬಡ್ಡಿ, ಆರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಬೇಕು. ಒಂದು ವರ್ಷಕ್ಕೆ ಚಕ್ರಬಡ್ಡಿ ಎಷ್ಟು? ಪುಸ್ತಕದ ಲೆಕ್ಕ ಕೊಟ್ಟರೆ ಉತ್ತರ ಕೊನೆಯ ಪುಟಗಳಲ್ಲೇ ಇರುತ್ತದೆ ಎಂದು ನಾನೇ ಹೊಸದಾಗಿ ಬರೆಸಿದ ಲೆಕ್ಕ ಇದು. ನನ್ನ ಜಾಣತನ ಒಂದು ರಾತ್ರಿಯೂ ಬಾಳಲಿಲ್ಲ. ಯಾರೋ ಒಬ್ಬರು ಫೋಟೊ ತೆಗೆದು ಮೊಬೈಲಿನ ಯಾವುದೋ ಗುಂಪಿಗೆ ಹಾಕಿದ್ದಾರೆ. ಸಾವಿರಾರು ಸದಸ್ಯರಿರುವ ಆ ಗುಂಪಿನಲ್ಲಿ, ಹೆಸರಿನ ಜಾಗದಲ್ಲಿ ಎರಡು ಇಂಗ್ಲಿಷ್ ಅಕ್ಷರ, ಮುಖದ ಜಾಗದಲ್ಲಿ ಒಂದು ದಾಸವಾಳದ ಹೂವು ಇಟ್ಟುಕೊಂಡ ಯಾರೋ ಆರು ನಿಮಿಷದಲ್ಲಿ ಉತ್ತರಿಸಿದ್ದಾರೆ: 1,000 ರೂಪಾಯಿ.

ಸರಿಯಾದ ಉತ್ತರ 1,025. ಮೊದಲ ಆರು ತಿಂಗಳಿಗೆ 500 ಬಂತು, ಅದು ಸೇರಿ ಅಸಲು 10,500 ಆಯಿತು, ಮುಂದಿನ ಆರು ತಿಂಗಳಿಗೆ 525. ದಾಸವಾಳದವರು ‘ಆರು ತಿಂಗಳಿಗೊಮ್ಮೆ’ ಎಂಬುದನ್ನು ಓದಲೇ ಇಲ್ಲ. ಇಡೀ ಪಾಠ ಇರುವುದು ಆ 25 ರೂಪಾಯಿಯಲ್ಲಿ. ಅದಿಲ್ಲದಿದ್ದರೆ ಚಕ್ರಬಡ್ಡಿಗೂ ಸರಳ ಬಡ್ಡಿಗೂ ವ್ಯತ್ಯಾಸವೇ ಇಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಒಬ್ಬರನ್ನು ಬಿಟ್ಟು ಉಳಿದವರೆಲ್ಲರೂ ಒಂದೇ ಮಾತು ಹೇಳಿದರು: ಮೊದಲು ಆ ಮೊಬೈಲ್ ಕಿತ್ತುಕೊಳ್ಳಬೇಕು, ಗುರುತು ಪರಿಚಯ ಇಲ್ಲದವರನ್ನು ನಂಬಿ ಮಕ್ಕಳು ಹಾಳಾಗುತ್ತಿದ್ದಾರೆ. ನಾನು ಒಪ್ಪಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಓದುವಾಗ ಗೈಡ್ ಬರೆದವರು ನನ್ನ ಚಿಕ್ಕಪ್ಪನೇ? ಅವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ. ಬೆಳಿಗ್ಗೆ ಬೇಗ ಶಾಲೆಗೆ ಹೋಗಿ, ಮುಂದಿನ ಬೆಂಚಿನವನ ನೋಟ್‌ಬುಕ್ಕನ್ನು ಸೈಕಲ್ ಸ್ಟ್ಯಾಂಡಿನ ಪಕ್ಕದಲ್ಲಿ ಇಟ್ಟುಕೊಂಡು ನಕಲು ಮಾಡಿದವನು ನಾನು. ಅಲ್ಲಿ ತಲೆ ಅಲ್ಲಾಡಿಸುತ್ತಿದ್ದ ಮೇಷ್ಟ್ರುಗಳೂ ಮಾಡಿದವರೇ, ಕೇಳಿ ನೋಡಿ. ಉತ್ತರ ಕೊಟ್ಟವರು ಅಪರಿಚಿತರು ಎಂಬುದು ಲೆಕ್ಕದ ಮಟ್ಟಿಗಂತೂ ನನಗೆ ದೊಡ್ಡ ದೂರಲ್ಲ. ಬೇರೆ ರೀತಿಯಲ್ಲಿ ದೊಡ್ಡದೇ, ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ದೂರು ಬೇರೆ. ಗೆರೆ ಎಳೆದವನನ್ನು ಬೋರ್ಡಿನ ಹತ್ತಿರ ಕರೆದು ಅದೇ ಲೆಕ್ಕ ಮಾಡಿಸಿದೆ. ಅರ್ಧ ವರ್ಷಕ್ಕೆ ಶೇಕಡ 5 ಎಂದು ಸರಿಯಾಗಿಯೇ ಬರೆದ. 500 ಎಂದು ಬರೆದ. ಅದರ ಕೆಳಗೆ ಇನ್ನೊಂದು 500 ಬರೆದು ಕೂಡಿಸಲು ಹೊರಟ.

‘ಎರಡನೆಯದೂ 500 ಯಾಕೋ?’ ಎಂದೆ.

‘ಅಸಲು ಹತ್ತು ಸಾವಿರವೇ ಅಲ್ಲವೇ ಸರ್?’

ಅಲ್ಲಿ ಸಿಕ್ಕಿಕೊಂಡಿದ್ದ. ಅದೊಂದೇ ಜಾಗ. ಮಿಕ್ಕಿದ್ದೆಲ್ಲ ಅವನಿಗೆ ಬರುತ್ತಿತ್ತು. ಅವನ ಅಜ್ಜಿ ಕೊಬ್ಬರಿ ಮಾರಿದ ಮೇಲೆ ತೀರಿಸುವ ಮಾತಿನ ಮೇಲೆ ಆಗಾಗ ಮಂಡಿಯಲ್ಲಿ ಸಾಲ ತರುವುದು ನನಗೆ ಗೊತ್ತಿತ್ತು. ‘ಬಡ್ಡಿ ಕಟ್ಟದೆ ಬಿಟ್ಟರೆ ನಿಮ್ಮ ಅಜ್ಜಿಗೆ ಏನಾಗುತ್ತದೆ?’ ಎಂದು ಕೇಳಿದೆ. ‘ಕಟ್ಟದಿದ್ದರೆ ಅದೂ ಅಸಲೇ ಆಗಿಬಿಡುತ್ತದೆ ಅನ್ನುತ್ತಾರೆ ಸರ್’ ಎಂದವನು, ಬಾಯಿ ತೆರೆದುಕೊಂಡೇ ಒಂದು ಕ್ಷಣ ನಿಂತ. ಎರಡನೆಯ 500ನ್ನು ಅಂಗೈಯಿಂದ ಒರೆಸಿ 525 ಬರೆದ. ಒಟ್ಟು ನಾಲ್ಕು ನಿಮಿಷ ಹಿಡಿಯಿತು. ದಾಸವಾಳದವರಿಗಿಂತ ಎರಡು ನಿಮಿಷ ಬೇಗ, ಜಂಬಕ್ಕೆ ಹೇಳುತ್ತಿದ್ದೇನೆ.

ಒಂದು ವೇಳೆ ಅವರು 1,025 ಎಂದೇ ಬರೆದಿದ್ದರೂ ಹುಡುಗ ಸಿಕ್ಕಿಕೊಂಡ ಜಾಗದಲ್ಲೇ ಇರುತ್ತಿದ್ದ. ಆಗ ನನಗೆ ಗೊತ್ತೂ ಆಗುತ್ತಿರಲಿಲ್ಲ, ಸರಿ ಗುರುತು ಹಾಕಿ ಸಹಿ ಮಾಡುತ್ತಿದ್ದೆ. ಸರಿ ಉತ್ತರ ಸಿಗುವುದು ತಪ್ಪು ಉತ್ತರ ಸಿಗುವುದಕ್ಕಿಂತ ಹೆಚ್ಚು ಅಪಾಯ ಎಂದು ನನಗೆ ಅನಿಸಿದ್ದು ಹೀಗೆ. ಅಪರಿಚಿತರು ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಮಗು ಎಲ್ಲಿ ತಡವರಿಸಿತು ಎಂಬುದು ಅವರಿಗೆ ಕಾಣುವುದಿಲ್ಲ, ಏಕೆಂದರೆ ಮಗು ಅದನ್ನು ತೋರಿಸಿಯೇ ಇಲ್ಲ. ಅದು ಕಳಿಸಿದ್ದು ಪ್ರಶ್ನೆಯ ಫೋಟೊ ಮಾತ್ರ.

ತೋರಿಸಲೇಬೇಕು ಎನ್ನುವ ಅಪರಿಚಿತರೂ ಇದ್ದಾರೆ, ಅವರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದಾದ ರೆಫರೆನ್ಸ್ ಡೆಸ್ಕ್ ಎಂಬ ವಿಭಾಗವಿದೆ. ನಿಮ್ಮ ಹೋಂವರ್ಕನ್ನು ನಾವು ಮಾಡಿಕೊಡುವುದಿಲ್ಲ, ನೀವು ಪ್ರಯತ್ನಿಸಿದ್ದನ್ನು ಮೊದಲು ತೋರಿಸಿ, ಸಿಕ್ಕಿಕೊಂಡ ಜಾಗವನ್ನು ದಾಟಿಸುತ್ತೇವೆ ಎಂಬುದು ಅಲ್ಲಿಯ ರೂಢಿ. 2010ರಲ್ಲಿ ಶುರುವಾದ ಮ್ಯಾಥಮ್ಯಾಟಿಕ್ಸ್ ಸ್ಟ್ಯಾಕ್ ಎಕ್ಸ್‌ಚೇಂಜ್ ಎಂಬ ಗಣಿತದ ಪ್ರಶ್ನೋತ್ತರ ಜಾಲತಾಣದಲ್ಲಿ ಬರಿಯ ಪ್ರಶ್ನೆ ಎಸೆದು ಹೋದರೆ ಅದನ್ನು ಮುಚ್ಚಿಬಿಡುತ್ತಾರೆ. ಎಲ್ಲಿಂದ ಬಂತು, ನೀನು ಏನು ಮಾಡಿ ನೋಡಿದೆ ಎಂದು ಮೊದಲು ಹೇಳಬೇಕು. ಸಂಬಳವಿಲ್ಲದೆ ಕುಳಿತು ಯಾರದೋ ಮಗುವಿಗೆ ಮೂರನೆಯ ಸಾಲಿನ ತಪ್ಪನ್ನು ವಿವರಿಸುವವರು ಅಲ್ಲಿದ್ದಾರೆ. ಇವರಿಗಿಂತ ಒಳ್ಳೆಯ ಮೇಷ್ಟ್ರನ್ನು ನಾನು ಸ್ಟಾಫ್ ರೂಮುಗಳಲ್ಲಿ ಕಂಡಿದ್ದು ಕಡಿಮೆ. ಇನ್ನೊಂದು ಬಗೆ ಬ್ರೈನ್ಲಿ ಎಂಬ ಹೋಂವರ್ಕ್ ಪ್ರಶ್ನೋತ್ತರದ ತಾಣದಂಥದ್ದು. 2009ರಲ್ಲಿ ಪೋಲೆಂಡಿನಲ್ಲಿ ಹುಟ್ಟಿ ನಮ್ಮ ಮಕ್ಕಳ ಮೊಬೈಲಿಗೂ ಬಂದ ಅದರಲ್ಲಿ ಉತ್ತರ ಕೊಟ್ಟವರಿಗೆ ಪಾಯಿಂಟ್ ಸಿಗುತ್ತದೆ, ಉತ್ತರಿಸುವವರಲ್ಲಿ ಬಹಳ ಮಂದಿ ವಿದ್ಯಾರ್ಥಿಗಳೇ. ಮಕ್ಕಳು ಮಕ್ಕಳಿಗೆ ಹೇಳಿಕೊಡುವುದು ಒಳ್ಳೆಯದೇ. ಆದರೆ ಪಾಯಿಂಟಿನ ಆಸೆ ಇರುವ ಕಡೆ ‘ಎಲ್ಲಿ ಸಿಕ್ಕಿಕೊಂಡೆ?’ ಎಂದು ತಿರುಗಿ ಕೇಳುವ ವ್ಯವಧಾನ ಎಷ್ಟು ಜನರಿಗೆ ಇದ್ದೀತು?

ಈಗ ಮೊಬೈಲ್ ಕಿತ್ತುಕೊಳ್ಳುವ ಮಾತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಆ ಮೊಬೈಲನ್ನು ಮಕ್ಕಳ ಕೈಗೆ ಕೊಡಿಸಿದವರು ನಾವೇ. ವಿದ್ಯಾಗಮ ಎಂದು ಮರದ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ ಕೂರಿಸಿ ಪಾಠ ಮಾಡಿದೆವು, ಉಳಿದದ್ದನ್ನು ವಾಟ್ಸ್‌ಆ್ಯಪ್‌ಗೆ ಕಳಿಸಿ ‘ಮಾಡಿ ಫೋಟೊ ಹಾಕಿ’ ಎಂದೆವು. ಸಾಲ ಮಾಡಿ ಮೊಬೈಲ್ ಕೊಂಡ ಅಪ್ಪಂದಿರು ನನಗೆ ಗೊತ್ತು. ನನ್ನ ತರಗತಿಯಲ್ಲಿ ಹೋಂವರ್ಕ್ ಹೇಳಿಕೊಡಬಲ್ಲ ತಂದೆ ತಾಯಿ ಇರುವ ಮಕ್ಕಳು ಏಳೆಂಟು ಜನ ಸಿಕ್ಕರೆ ಹೆಚ್ಚು. ಒಬ್ಬಳ ತಾಯಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಮನೆ ಸೇರುವುದು ರಾತ್ರಿ ಎಂಟಕ್ಕೆ. ಆಮೇಲೆ ಅಡುಗೆ. ಆ ಹುಡುಗಿ ಯಾರನ್ನು ಕೇಳಬೇಕು? ಟ್ಯೂಷನ್‌ಗೆ ಕಳಿಸಬಲ್ಲವರ ಮಕ್ಕಳು ಹಣ ಕೊಟ್ಟು ಮೇಷ್ಟ್ರನ್ನು ಕೇಳುತ್ತಾರೆ, ನಾವು ಅದಕ್ಕೆ ನಕಲು ಎನ್ನುವುದಿಲ್ಲ. ಇವಳು ಗುಂಪಿನಲ್ಲಿ ಕೇಳಿದರೆ ಮಾತ್ರ ಎನ್ನುತ್ತೇವೆ. ಈ ಅನ್ಯಾಯವನ್ನು ನೋಡದೆ ‘ನಿಷೇಧಿಸಿ’ ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಕೊಡುವ ಹೋಂವರ್ಕೂ ನೋಡಬೇಕಲ್ಲ. 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೆಯ ತರಗತಿಯವರೆಗೆ ಹೋಂವರ್ಕೇ ಇರಬಾರದು, ಆರರಿಂದ ಎಂಟಕ್ಕೆ ದಿನಕ್ಕೆ ಒಂದು ಗಂಟೆ, ಒಂಬತ್ತರ ನಂತರ ಹೆಚ್ಚೆಂದರೆ ಎರಡು ಗಂಟೆ. ನಮ್ಮಲ್ಲಿ ಆರು ವಿಷಯಗಳ ಆರು ಮಂದಿ, ಒಬ್ಬರಿಗೊಬ್ಬರು ಕೇಳದೆ, ತಲಾ ನಲವತ್ತು ನಿಮಿಷದ ಕೆಲಸ ಕೊಡುತ್ತೇವೆ. ಗಣಿತದ ಮೇಷ್ಟ್ರಾದ ನಾನೇ ಇದನ್ನು ಕೂಡಿ ನೋಡಿದ್ದು ಈ ವಾರ: ನಾಲ್ಕು ಗಂಟೆ. ಅದರಲ್ಲಿ ಅರ್ಧ ಭಾಗ ಪ್ರಶ್ನೋತ್ತರವನ್ನು ಪುಸ್ತಕದಿಂದ ಎತ್ತಿ ಬರೆಯುವುದು. ನಾವೇ ನಕಲು ಮಾಡಲು ಹೇಳಿ, ಮೂಲ ಬದಲಾಯಿಸಿದರು ಎಂದು ಮಕ್ಕಳನ್ನು ಬೈಯುತ್ತಿದ್ದೇವೆ.

ಇನ್ನು ಅಪರಿಚಿತರ ವಿಷಯ. ಇದರಲ್ಲಿ ನನಗೆ ಸಡಿಲವಿಲ್ಲ. ಎಲ್ಲರಿಗೂ ಕಾಣುವ ಜಾಗದಲ್ಲಿ ಕೇಳುವುದು ಬೇರೆ, ಉತ್ತರ ಕೊಟ್ಟವರು ‘ಪ್ರತ್ಯೇಕವಾಗಿ ಮೆಸೇಜ್ ಮಾಡು, ಹೇಳಿಕೊಡುತ್ತೇನೆ’ ಎಂದ ಕೂಡಲೇ ಹಿಂದೆ ಹೋಗುವುದು ಬೇರೆ. ಮೊದಲ ದಿನ ಬೀಜಗಣಿತ, ಮೂರನೆಯ ದಿನ ಯಾವ ಶಾಲೆ, ಐದನೆಯ ದಿನ ಫೋಟೊ. ನಮ್ಮ ಬಂಧುಗಳ ಮನೆಯಲ್ಲೇ ಇದು ಇಲ್ಲಿಯವರೆಗೆ ಬಂದು ನಿಂತಿತು, ಹುಡುಗಿ ಅಮ್ಮನಿಗೆ ಹೇಳಿದ್ದರಿಂದ ನಿಂತಿತು. ಅವಳಿಗೆ ಹೇಳುವ ಧೈರ್ಯ ಬಂದದ್ದು, ಹೇಳಿದರೆ ಮೊಬೈಲ್ ಕಿತ್ತುಕೊಳ್ಳುವುದಿಲ್ಲ ಎಂಬ ನಂಬಿಕೆ ಇದ್ದದ್ದರಿಂದ. ಲೈಂಗಿಕ ಉದ್ದೇಶದಿಂದ ಮಗುವನ್ನು ಮೊಬೈಲಿನಲ್ಲಿ ಪದೇ ಪದೇ ಸಂಪರ್ಕಿಸುವುದೂ 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ನಾನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಿದ್ದೇನೆ, ದಿನಾಂಕದ ಕೆಳಗೆ, ಒರೆಸಬಾರದು ಎಂದು ಲೀಡರ್‌ಗೆ ಹೇಳಿದ್ದೇನೆ.

ಎಐ ಬಂದ ಮೇಲೆ ಅಪರಿಚಿತರ ಗೊಡವೆಯೇ ಬೇಡ ಎನ್ನುವವರಿದ್ದಾರೆ. ಫೋಟೊ ಕಳಿಸಿ ಉತ್ತರ ಎತ್ತಿಕೊಂಡರೆ ಅದೂ ದಾಸವಾಳವೇ, ಸೊನ್ನೆಗಳನ್ನು ಮರೆಯದ ದಾಸವಾಳ.

ಶನಿವಾರ ಪೋಷಕರ ಸಭೆಯಲ್ಲಿ ನನ್ನ ನಿಯಮ ಹೇಳಿದೆ. ಉತ್ತರ ಕೇಳಬಾರದು, ತಾನು ಮಾಡಿದ್ದನ್ನು ತೋರಿಸಿ ‘ಎಲ್ಲಿ ತಪ್ಪಿದೆ’ ಎಂದು ಯಾರನ್ನು ಬೇಕಾದರೂ ಕೇಳಬಹುದು. ಯಾರು ಹೇಳಿಕೊಟ್ಟರು ಎಂದು ಅಂಚಿನಲ್ಲಿ ಬರೆಯಬೇಕು, ಅಜ್ಜಿಯಾದರೂ ಸರಿ, ಆ್ಯಪ್ ಆದರೂ ಸರಿ. ತಪ್ಪು ಮಾಡಿ ತೋರಿಸಿದವರಿಗೆ ಬೈಗುಳವಿಲ್ಲ. ಖಾಲಿ ಬಿಟ್ಟರೂ ಇಲ್ಲ. ಎಲ್ಲರೂ ತಲೆ ಅಲ್ಲಾಡಿಸಿದರು. ಹಿಂದೆ ಕುಳಿತಿದ್ದ ಒಬ್ಬರು ಎದ್ದು, ‘ಎಲ್ಲಾ ಸರಿ ಮೇಷ್ಟ್ರೇ, ರಾತ್ರಿ ಎಂಟೂವರೆಗೆ ಮಗು ಸಿಕ್ಕಿಕೊಂಡರೆ ನಿಮಗೆ ಫೋನ್ ಮಾಡಬಹುದೇ?’ ಎಂದು ಕೇಳಿದರು. ಸಭೆ ಗೊಳ್ಳೆಂದು ನಕ್ಕಿತು. ಅವರು ತಮಾಷೆಗೆ ಕೇಳಿದ್ದಲ್ಲ ಎಂಬುದು ಅವರ ಮುಖದಲ್ಲೇ ಇತ್ತು.

ಎಂಟರಿಂದ ಒಂಬತ್ತು, ಭಾನುವಾರ ಬಿಟ್ಟು, ಎಂದು ಬಾಯಿಯಿಂದ ಬಂದುಹೋಯಿತು. ಹೆಂಡತಿಗೆ ಇನ್ನೂ ಹೇಳಿಲ್ಲ, ಇಲ್ಲಿ ಓದಿ ತಿಳಿದುಕೊಳ್ಳುತ್ತಾಳೆ. ನಿನ್ನೆ ಮೂರು ಫೋನ್ ಬಂದವು. ಇಬ್ಬರು ತಾವು ಮಾಡಿದ್ದನ್ನು ಸಾಲು ಸಾಲಾಗಿ ಓದಿ ಹೇಳಿದರು, ಒಬ್ಬನಿಗಂತೂ ಓದುತ್ತಿರುವಾಗಲೇ ತಪ್ಪು ಹೊಳೆದು, ‘ಬೇಡ ಬಿಡಿ ಸರ್’ ಎಂದು ಫೋನ್ ಇಟ್ಟುಬಿಟ್ಟ. ಮೂರನೆಯವಳು ನಮಸ್ಕಾರ ಹೇಳಿ, ಊಟ ಆಯಿತೇ ಎಂದು ವಿಚಾರಿಸಿ, ಆಮೇಲೆ ಮೆಲ್ಲಗೆ ಕೇಳಿದಳು: ‘ಸರ್, ನಾಲ್ಕನೆಯದಕ್ಕೆ ಉತ್ತರ ಎಷ್ಟು?’