ಎದೆಯ ಗಂಟಿಗೆ ಮಗಳ ಮೇಲಿನ ಸಿಟ್ಟು ಕಾರಣವಂತೆ!

ಡೊಂಬಿವಲಿಯಲ್ಲಿ ಇವತ್ತು ನಮ್ಮ ಭಜನಾ ಮಂಡಳಿಯವರು ಸೇರಿದ್ದೆವು. ಮನೆಗೆ ಬಂದರೂ ನನ್ನ ಸಿಟ್ಟು ಇಳಿದಿಲ್ಲ. ನಮ್ಮಲ್ಲೊಬ್ಬರಿಗೆ ಎಡ ಎದೆಯಲ್ಲಿ ಗಂಟು ಸಿಕ್ಕಿದೆ (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ). ಡಾಕ್ಟರು ಮ್ಯಾಮೊಗ್ರಫಿಗೆ (ಸ್ತನದ ಎಕ್ಸ್‌ರೇಗೆ) ಬರೆದುಕೊಟ್ಟ ಚೀಟಿ ಪರ್ಸಿನಲ್ಲೇ ಮಡಚಿಕೊಂಡು ಬಿದ್ದಿದೆ. ಯಾಕೆ ಮಾಡಿಸಿಲ್ಲ ಅಂದರೆ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದರು. ಒಂದು ಹೆಂಗಸಿನ ಚಿತ್ರ, ಅದಕ್ಕೆ ಎರಡು ಬಾಣ. ಎಡ ಎದೆಯ ಗಂಟಿಗೆ 'ಮಕ್ಕಳ ಚಿಂತೆ' ಕಾರಣವಂತೆ, ಬಲಕ್ಕೆ 'ಗಂಡನ ಜತೆ ಜಗಳ'. ಅದನ್ನು ಕಳಿಸಿದವರು ಪಕ್ಕದಲ್ಲೇ ಕೂತಿದ್ದರು. "ಮಗಳ ಮೇಲಿನ ಸಿಟ್ಟು ಬಿಡಿ ಅಕ್ಕ, ಗಂಟು ತಾನಾಗೇ ಕರಗುತ್ತೆ" ಅಂದರು. ಪಾಪ, ಇವರು ಕಣ್ಣಲ್ಲಿ ನೀರು ತುಂಬಿಕೊಂಡು, "ಹಾಗಾದ್ರೆ ನಾನೇ ತಂದುಕೊಂಡೆ ಅಲ್ವಾ?" ಅಂತ ನನ್ನನ್ನು ಕೇಳಿದರು.

ಇಲ್ಲ. ನೀವು ತಂದುಕೊಂಡಿದ್ದಲ್ಲ.

ಈ ಎಡ-ಬಲದ ಲೆಕ್ಕ ಶುರು ಮಾಡಿದ್ದು ಜರ್ಮನಿಯ ಹಾಮರ್ ಎಂಬ ಡಾಕ್ಟರು. 1978ರಲ್ಲಿ ಅವರ ಮಗ ಗುಂಡೇಟಿನಿಂದ ತೀರಿಕೊಂಡ. ಸ್ವಲ್ಪ ಸಮಯದಲ್ಲೇ ಅವರಿಗೆ ವೃಷಣದ ಕ್ಯಾನ್ಸರ್ ಬಂತು. ಮಗನ ದುಃಖವೇ ಕಾರಣ ಅಂತ ನಂಬಿದರು, ಆಮೇಲೆ ಎಲ್ಲರ ಕ್ಯಾನ್ಸರಿಗೂ ಮನಸ್ಸಿನ ಆಘಾತವೇ ಮೂಲ ಅಂದರು. ಆ ಅಪ್ಪನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅವರು ತಮ್ಮ ಗಡ್ಡೆಗೆ ಆಪರೇಷನ್ ಮಾಡಿಸಿಕೊಂಡಿದ್ದರು! 1986ರಲ್ಲಿ ಅವರ ವೈದ್ಯಕೀಯ ಪರವಾನಗಿ ರದ್ದಾಯಿತು. ಆ ಸಂಗತಿ ಚಿತ್ರದಲ್ಲಿ ಎಲ್ಲೂ ಇಲ್ಲ.

"ಟೆನ್ಷನ್‌ನಿಂದ ರೋಗ ಬರಲ್ವಾ?" ಅಂತ ಕೇಳುತ್ತೀರಿ. ಬ್ರಿಟನ್ನಿನಲ್ಲಿ 1,06,000 ಹೆಂಗಸರನ್ನು ಇದನ್ನೇ ಕೇಳಿ, ವರ್ಷಗಟ್ಟಲೆ ಗಮನಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನಸ್ಸಿನ ಒತ್ತಡಕ್ಕೂ ಸ್ತನ ಕ್ಯಾನ್ಸರಿಗೂ ಸ್ಥಿರವಾದ ನಂಟು ಸಿಗಲಿಲ್ಲ. ವಯಸ್ಸು, ಮನೆತನದಲ್ಲಿ ಬರುವ ಬಿಆರ್‌ಸಿಎ ಜೀನ್‌ಗಳ ದೋಷ, ಮದ್ಯ, ಮುಟ್ಟು ನಿಂತ ಮೇಲೆ ಏರುವ ತೂಕ, ಇವು ಅಪಾಯ ಹೆಚ್ಚಿಸುತ್ತವೆ. ಎಷ್ಟೋ ಜನರಿಗೆ ಯಾವ ಕಾರಣವೂ ಸಿಗುವುದಿಲ್ಲ. ದುಃಖದಲ್ಲಿರುವವರಿಗೆ ಆಸರೆ ಬೇಕು, ಖಂಡಿತ ಬೇಕು. ಹಾಗಂತ ರೋಗದ ಹೊರೆಯನ್ನೂ ಅವರ ತಲೆಗೇ ಕಟ್ಟುವುದಾ?

ನಮ್ಮಕ್ಕನಿಗೆ ಕ್ಯಾನ್ಸರ್ ಬಂದಿದ್ದು ನಿಮಗೆಲ್ಲ ಗೊತ್ತು. ನೋಡಲು ಬಂದವರೆಲ್ಲ "ಏನು ಮನಸ್ಸಿಗೆ ಹಚ್ಚಿಕೊಂಡಿದ್ದೆಯಮ್ಮ?" ಅಂತ ಕೇಳುವವರೇ. ಕೀಮೋ ಆದ ರಾತ್ರಿ ನಿದ್ದೆ ಬಾರದೆ ಕೂತು, ಭಾವನ ಜತೆ ಆದ ಹಳೇ ಜಗಳಗಳನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದಳು. ಯಾವುದರಿಂದ ಬಂತು ಅಂತ ಹುಡುಕುತ್ತಿದ್ದಳು. ಅದನ್ನು ನೋಡಿದವಳು ನಾನು. ಅದಕ್ಕೇ ಇಷ್ಟು ಸಿಟ್ಟು.

ನಮ್ಮ ಮುಂಬಯಿಯಲ್ಲೇ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 1998ರಲ್ಲಿ ಸುಮಾರು 1.5 ಲಕ್ಷ ಹೆಂಗಸರ ಅಧ್ಯಯನ ಶುರು ಮಾಡಿದರು. ಅರ್ಧದಷ್ಟು ಜನರನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಹಾಗೆ ಪರೀಕ್ಷಿಸಿದ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಉಳಿದರ್ಧ ಜನರಿಗಿಂತ ಶೇ. 30ರ ಹತ್ತಿರ ಕಡಿಮೆಯಾಯಿತು ಅಂತ 2021ರಲ್ಲಿ ವರದಿ ಬಂತು. ಬೇಗ ಗೊತ್ತಾದರೆ ಜೀವ ಉಳಿಯುತ್ತೆ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲವೇ ಅಲ್ಲ, ಆದರೆ ಅದನ್ನು ಪರೀಕ್ಷೆ ಹೇಳಬೇಕು, ವಾಟ್ಸ್ಯಾಪ್ ಅಲ್ಲ.

ನಾಳೆ ಬೆಳಗ್ಗೆ ನಾನೇ ಅವರನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಪುಣೆಯಲ್ಲಿರುವ ಮಗಳ ಜತೆ ಮಾತಾಡುವುದು ಬಿಡುವುದು ಅವರಿಷ್ಟ. ಚಿತ್ರ ಕಳಿಸಿದ ಅಕ್ಕ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ಗ್ರೂಪಿನಿಂದ ಅದನ್ನು ಈಗಲೇ ತೆಗೆಯಿರಿ. ಬೇರೆ ಯಾರಿಗೆಲ್ಲ ಕಳಿಸಿದ್ದೀರೋ ಅವರಿಗೂ ಫೋನ್ ಮಾಡಿ, ಅದು ಸುಳ್ಳು ಅಂತ ಹೇಳಿ.